ಚೀಟಿ ಓದುವ ಹೊತ್ತಿನ ಚಕ್ರ

ನಾನು ಟೆಲಿಫೋನ್ ಇಲಾಖೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಲೈನ್ ರಿಪೇರಿ ಮಾಡಿದವನು. ಕಂಬ ಹತ್ತುವ ಕೆಲಸದಿಂದ ಶುರುಮಾಡಿ, ಉಳಿದವರನ್ನು ಕಂಬ ಹತ್ತಿಸುವ ಕುರ್ಚಿಯಲ್ಲಿ ಕುಳಿತು ನಿವೃತ್ತನಾದೆ. ಆ ನೌಕರಿಯಿಂದ ನನಗೆ ಅಂಟಿದ್ದು ಎರಡು: ಬಲ ಮೊಣಕಾಲಿನ ನೋವು, ಮತ್ತು ಜನ ಹೇಳುವುದನ್ನು ನಂಬದ ಚಾಳಿ. ಫೋನ್ ಸತ್ತಿದೆ ಎಂದು ದೂರು ಕೊಟ್ಟವರ ಮನೆಗೆ ಹೋದರೆ "ನಾವೇನೂ ಮುಟ್ಟಿಲ್ರಿ" ಎನ್ನುವುದೇ ಮೊದಲ ಮಾತು. ಬಗ್ಗಿ ನೋಡಿದರೆ ತಂತಿಯ ಮೇಲೆ ಕಬ್ಬಿಣದ ಕಪಾಟು ಕೂತಿರುತ್ತಿತ್ತು. ಹಾಗಾಗಿ ನಾನು ಜನರನ್ನು ಕೇಳುವುದನ್ನೇ ಬಿಟ್ಟೆ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಲೈನನ್ನು ತುಂಡು ತುಂಡಾಗಿ ಪರೀಕ್ಷಿಸುತ್ತ ಹೋದರೆ ದೋಷ ಎಲ್ಲಿದ್ದರೂ ಸಿಗಲೇಬೇಕು. ಈ ಮಾತನ್ನು ಎಷ್ಟು ಜನರ ಮುಂದೆ ಹೇಳಿದ್ದೇನೋ, ಅವರಲ್ಲಿ ಎಷ್ಟು ಜನ ಆಕಳಿಸಿದ್ದಾರೋ ನೆನಪಿಲ್ಲ.

ನಿವೃತ್ತನಾದ ಮೇಲೂ ಬೀದರದ ನೌಬಾದದ ಮನೆಯಲ್ಲಿ ಒಂದು ದೋಷದ ಡೈರಿ ಇಟ್ಟಿದ್ದೇನೆ. ತಾರೀಖು, ದೂರು, ಮಾಡಿದ ಪರೀಕ್ಷೆ, ದೋಷದ ಸ್ಥಳ, ಹೀಗೆ ಕಾಲಂ ಎಳೆದ ಹಳೆಯ ನಮೂನೆ. ಮಿಕ್ಸರ್ ಕೆಟ್ಟರೂ ಅದರಲ್ಲಿ ಬರೆಯುತ್ತೇನೆ. ಹೆಂಡತಿಗೆ ಇದು ನಗೆಪಾಟಲಿನ ವಿಷಯ. ಕಳೆದ ವರ್ಷ ಆ ಡೈರಿಯಲ್ಲಿ ಒಂದೇ ದೂರು ಎಂಟು ಭಾನುವಾರ ಮತ್ತೆ ಮತ್ತೆ ಬಂತು. ದೂರು ಕೊಟ್ಟವಳು ನನ್ನ ಅಕ್ಕ.

ಅಕ್ಕ ಔರಾದದಲ್ಲಿ ನರ್ಸ್ ಆಗಿದ್ದವಳು. ನೌಕರಿ ಮುಗಿದ ಮೇಲೂ ಅಲ್ಲೇ ಉಳಿದಿದ್ದಳು. ಕಳೆದ ವರ್ಷ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಬಿದ್ದವು. ಮಾತು ಉಳಿಯಿತು. ಬಸ್ ಡ್ರೈವರ್ ಆಗಿರುವ ಅವಳ ಮಗ ಅವಳನ್ನು ಭಾಲ್ಕಿಯ ತನ್ನ ಮನೆಗೆ ಕರೆತಂದ. ಅವನ ಪಾಳಿ ಎಂದರೆ ಬೆಳಗಿನ ಭಾಲ್ಕಿ–ಕಮಲನಗರ ಬಸ್ಸು, ಭಾನುವಾರವೂ ಬಿಡುವಿಲ್ಲ. ಆದ್ದರಿಂದ ಅಕ್ಕನನ್ನು ಎತ್ತಿ ಕೂರಿಸುವುದು, ತೊಳೆಯುವುದು, ಉಣ್ಣಿಸುವುದು ಎಲ್ಲ ಸೊಸೆಯ ಪಾಲಿಗೆ ಬಂತು. ಸೊಸೆ ಸಾಯಗಾಂವದ ಒಕ್ಕಲುತನದ ಮನೆಯವಳು. ಮಾತು ಕಡಿಮೆ, ಕೈ ಚುರುಕು.

ಔರಾದದ ನಮ್ಮವರ ಚರ್ಚಿನಲ್ಲಿ ಒಂದು ಪದ್ಧತಿ ಇದೆ. ಬಾಗಿಲ ಬಳಿ ಗೋಡೆಗೆ ಒಂದು ಮರದ ಪೆಟ್ಟಿಗೆ ಹೊಡೆದಿದ್ದಾರೆ. ಯಾರಿಗಾದರೂ ಕಾಯಿಲೆ ಇದ್ದರೆ ಅವರ ಹೆಸರು, ಊರು, ತೊಂದರೆ ಏನೆಂದು ಒಂದು ಚೀಟಿಯಲ್ಲಿ ಬರೆದು, ಮೊದಲ ಗಂಟೆ ಹೊಡೆಯುವ ಮುಂಚೆ ಅದರಲ್ಲಿ ಹಾಕಬೇಕು. ಎರಡನೇ ಕೀರ್ತನೆ ಮುಗಿದ ಮೇಲೆ ಪಾದ್ರಿಗಳು ಆ ಚೀಟಿಗಳನ್ನು ಒಂದೊಂದಾಗಿ ಓದಿ ಪ್ರಾರ್ಥಿಸುತ್ತಾರೆ. ಚೀಟಿಯಲ್ಲಿ ಇದ್ದಷ್ಟೇ ಓದುವುದು. ಹಿಂದೆ ಯಾರೋ ಪಾದ್ರಿಗಳು ನೆನಪಿನಿಂದ ಹೆಸರು ಹೇಳಲು ಹೋಗಿ ಒಂದು ಮನೆಯವರನ್ನು ಮರೆತು, ಆ ಮನೆಯವರು ವರ್ಷಗಟ್ಟಲೆ ಮುಖ ತಿರುಗಿಸಿದ್ದರಂತೆ. ಆಗಿನಿಂದ ಫೋನಿನಲ್ಲಿ ಹೇಳಿಕಳಿಸುವುದೂ ನಡೆಯುವುದಿಲ್ಲ, ಬಾಯಿಮಾತೂ ನಡೆಯುವುದಿಲ್ಲ. ಆ ದಿನ ಚರ್ಚಿಗೆ ಬಂದವರೇ ಕೈಯಾರೆ ಬರೆದು ಹಾಕಬೇಕು.

ಈ ಚೀಟಿಗಳನ್ನು ಮೂವತ್ತು ವರ್ಷ ಬರೆದವಳು ಅಕ್ಕ. ವಾರವಿಡೀ ದವಾಖಾನೆಯಲ್ಲಿ ಯಾರಿಗೆ ಏನಾಗಿದೆ ಎಂದು ಅವಳಿಗೆ ಗೊತ್ತಿರುತ್ತಿತ್ತು. ಭಾನುವಾರ ಎಲ್ಲರಿಗಿಂತ ಮುಂಚೆ ಹೋಗಿ, ಬರೆಯಲು ಬಾರದವರ ಹೆಸರುಗಳನ್ನೂ ಸೇರಿಸಿ ಪೆಟ್ಟಿಗೆ ತುಂಬುತ್ತಿದ್ದಳು. ಈಗ ತಾನೇ ಹಾಸಿಗೆ ಹಿಡಿದ ಮೇಲೆ ಅವಳಿಗೆ ಒಂದೇ ಆಸೆ ಇತ್ತು. ಆ ಚರ್ಚಿನಲ್ಲಿ ತನ್ನ ಹೆಸರನ್ನು ಓದುವುದನ್ನು ಕಿವಿಯಾರೆ ಕೇಳಬೇಕು. ಭಾಲ್ಕಿಯಲ್ಲೂ ಚರ್ಚ್ ಇದೆ, ಅಲ್ಲಿಯವರು ಮನೆಗೆ ಬಂದು ಪ್ರಾರ್ಥನೆ ಮಾಡಿ ಹೋಗಿದ್ದರು. ಅದು ಅವಳಿಗೆ ಲೆಕ್ಕಕ್ಕಿಲ್ಲ.

ಲಾಕ್‌ಡೌನ್ ಕಾಲದಿಂದ ಔರಾದದವರು ಆರಾಧನೆಯನ್ನು ಒಂದು ಫೋನಿನಿಂದ ನೇರಪ್ರಸಾರ ಮಾಡುತ್ತಿದ್ದರು. ಮುಗಿದ ಕೂಡಲೇ ಅಳಿಸಿಬಿಡುತ್ತಿದ್ದರು, ಇಟ್ಟರೆ ಜನ ಸಂಜೆ ಮಲಗಿಕೊಂಡು ನೋಡುತ್ತಾರೆ, ಬೆಳಿಗ್ಗೆ ಬರುವುದಿಲ್ಲ ಎಂದು. ಆದ್ದರಿಂದ ನೋಡಿದರೆ ಆ ಹೊತ್ತಿಗೇ ನೋಡಬೇಕು. ಅಕ್ಕನ ಕೈಯಲ್ಲಿ ಫೋನ್ ನಿಲ್ಲುತ್ತಿರಲಿಲ್ಲ. ಮಗ ಒಂದು ಸ್ಮಾರ್ಟ್ ಡಿಸ್‌ಪ್ಲೇ ತಂದ, ಅಂದರೆ ಮೇಜಿನ ಮೇಲೆ ತಾನೇ ನಿಲ್ಲುವ, ಮಾತಿನಲ್ಲಿ ಹೇಳಿದರೆ ಕೇಳುವ ಪರದೆ. ಅದನ್ನು ಜೋಡಿಸಲು ನನ್ನನ್ನು ಕರೆದರು.

ನಾನು ಒಂದು ಶನಿವಾರ ಬೀದರದಿಂದ ಬಸ್ ಹತ್ತಿ ಹೋಗಿ ಜೋಡಿಸಿದೆ. ಅದಕ್ಕೆ ನಮ್ಮ ಭಾಷೆ ಬರುತ್ತದೆ ಎಂದು ಹೇಳಿದ್ದರು. ಬರುತ್ತಿತ್ತೋ ಏನೋ, ಅಕ್ಕನ ಕನ್ನಡವಂತೂ ಬರುತ್ತಿರಲಿಲ್ಲ. ಅವಳು ದವಾಖಾನೆಯ ಆಯಾಗಳನ್ನು ಬಾಯಿ ಎಂದು ಕರೆಯುತ್ತಿದ್ದ ದನಿಯಲ್ಲಿ, ಮರ್ಯಾದೆ ಬಿಡದೆ, "ಬಾಯಿ, ಜರಾ ಔರಾದ ಚರ್ಚ್ ಹಚ್ಚ್ರಿ" ಎಂದಳು. ಅದು ಹಿಂದಿಯಲ್ಲಿ ಔರಾದದ ಹವಾಮಾನ ಹೇಳಿತು. ಕೊನೆಗೆ ಬೆರಳಿನಿಂದ ಒತ್ತಿ ಹಚ್ಚುವುದನ್ನೇ ಸೊಸೆಗೆ ಕಲಿಸಿದೆ. ಮುಂದಿನ ಪಡಸಾಲೆಯಲ್ಲಿ ಇಂಟರ್‌ನೆಟ್ಟಿನ ರೌಟರ್ ಇತ್ತು. ಅದರ ಸ್ವಿಚ್ ತೋರಿಸಿ ಹೇಳಿದೆ: "ಪರದಿ ಮ್ಯಾಲ ಚಕ್ರ ತಿರಗ್ಲಿಕ್ಕೆ ಹತ್ತಿದ್ರ ಇದನ್ನ ಬಂದ್ ಮಾಡು, ಮೂವತ್ತು ಎಣಿಸು, ಮತ್ತ ಚಾಲೂ ಮಾಡು. ಇದು ಬಂದ್ ಆದ್ರ ಅದು ನಿಂತಂಗ, ತಿಳೀತಿಲ್ಲೋ?"

"ತಿಳೀತ್ರಿ ಮಾಮಾ" ಎಂದಳು. ಅವಳು ಎಷ್ಟು ಚೆನ್ನಾಗಿ ತಿಳಿದುಕೊಂಡಿದ್ದಳು ಎಂದು ನನಗೆ ಗೊತ್ತಾಗಿದ್ದು ಬಹಳ ದಿನಗಳ ಮೇಲೆ.

ಮೊದಲ ಭಾನುವಾರ ದೂರು ಇರಲಿಲ್ಲ. ಅಕ್ಕನೇ ಫೋನ್ ಮಾಡಿಸಿ ಹೇಳಿದಳು, ಆರಾಧನೆ ಪೂರ್ತಿ ಬಂತು, ತನ್ನ ಹೆಸರನ್ನೂ ಓದಿದರಂತೆ, ಆದರೆ ಗುಳಿಗೆಯ ಮಂಪರಿನಲ್ಲಿ ತಾನು ಮಲಗಿಬಿಟ್ಟೆ, ಸೊಸೆ ಕೇಳಿದ್ದಾಳೆ. ದನಿಯಲ್ಲಿ ಹಿಗ್ಗು ಇತ್ತು. "ಮುಂದಿನ ವಾರ ಗುಳಿಗಿ ಆಮ್ಯಾಲ ತಗೋತೇನಿ. ನಾನೇ ಕೇಳಬೇಕು" ಎಂದಳು.

ಮುಂದಿನ ವಾರದಿಂದ ಚಕ್ರ ಶುರುವಾಯಿತು.

ಎರಡನೇ ಕೀರ್ತನೆಯವರೆಗೆ ಎಲ್ಲ ಸರಿ. ಪಾದ್ರಿಗಳು ಪೆಟ್ಟಿಗೆಯಿಂದ ಚೀಟಿಗಳನ್ನು ತೆಗೆಯುತ್ತಿದ್ದಂತೆ ಚಿತ್ರ ನಿಲ್ಲುವುದು, ಪರದೆಯ ನಡುವೆ ಆ ಬಿಳಿ ಚಕ್ರ ತಿರುಗತೊಡಗುವುದು. ಮತ್ತೆ ಚಿತ್ರ ಬರುವ ಹೊತ್ತಿಗೆ ಪಾದ್ರಿಗಳ ಉಪದೇಶ, ಅಂದರೆ ಪ್ರಸಂಗ, ಅರ್ಧಕ್ಕೆ ಬಂದಿರುತ್ತಿತ್ತು. ಇದು ಒಂದು ವಾರವಲ್ಲ, ವಾರವಾರವೂ ಅದೇ ಹೊತ್ತಿಗೆ. ಹತ್ತೂ ನಲವತ್ತರ ಆಸುಪಾಸು.

ನನಗೆ ಇಂಥ ದೋಷ ಎಂದರೆ ಒಂದು ಬಗೆಯ ಹಬ್ಬ. ಯಾವಾಗಲೂ ಕೆಟ್ಟಿರುವ ಲೈನನ್ನು ಯಾರು ಬೇಕಾದರೂ ರಿಪೇರಿ ಮಾಡುತ್ತಾರೆ. ಹೊತ್ತು ನೋಡಿಕೊಂಡು ಕೆಡುವ ಲೈನಿಗೆ ತಲೆ ಬೇಕು. ಶನಿವಾರ ಮಧ್ಯಾಹ್ನ ಭಾಲ್ಕಿಗೆ ಹೋಗಿ, ಭಾನುವಾರ ಆರಾಧನೆ ಮುಗಿಸಿಕೊಂಡು ಬರತೊಡಗಿದೆ. ಬೀದರದಲ್ಲಿ ನಾನು ಚರ್ಚಿಗೆ ಹೋಗುವುದು ಹಬ್ಬ ಹರಿದಿನಕ್ಕೆ. "ಚರ್ಚಿಗಿ ಇಷ್ಟ ತಪ್ಪದಂಗ ಎಂದೂ ಹೋಗಿರಲಿಲ್ಲ ಬಿಡ್ರಿ" ಎಂದು ಹೆಂಡತಿ ಕಾಲೆಳೆದಳು.

ಮಾಡಿದ ಪರೀಕ್ಷೆಗಳೆಲ್ಲ ಡೈರಿಯಲ್ಲಿವೆ. ಅಕ್ಕ ಮಲಗುವ ಹಿಂದಿನ ಕೋಣೆ ಹಳೆಯ ಕಟ್ಟಡದ್ದು, ಗೋಡೆ ಎರಡು ಮೊಳ ದಪ್ಪದ ಕಲ್ಲಿನದು. ರೌಟರಿನ ಸಿಗ್ನಲ್ ಅದನ್ನು ದಾಟುವಾಗ ಸೊರಗುತ್ತದೆ ಎಂದುಕೊಂಡು ಮೇಜನ್ನು ಬಾಗಿಲಿಗೆ ಎದುರಾಗಿ ಸರಿಸಿದೆ. ಪರದೆಯ ಮೇಲೆ ಸೊಸೆ ಹೊದಿಸಿದ್ದ ಕ್ರೋಶಾದ ಬಟ್ಟೆಯನ್ನು ತೆಗೆಸಿದೆ, ಯಂತ್ರ ಕಾಯುತ್ತದೆ ಎಂದು. ಅವಳು ಬೇಸರದಿಂದಲೇ ಮಡಚಿ ಇಟ್ಟಳು. ಪರದೆಯ ತಂತ್ರಾಂಶ ಹೊಸದು ಮಾಡಿದೆ. ಚಿತ್ರದ ಗುಣಮಟ್ಟ ಇಳಿಸಿದೆ, ಪಾದ್ರಿಗಳ ಮುಖ ಮಸುಕಾಯಿತೇ ಹೊರತು ಚಕ್ರ ತಪ್ಪಲಿಲ್ಲ. ಎಲ್ಲವನ್ನೂ ಅಳಿಸಿ ಮೊದಲಿನಿಂದ ಜೋಡಿಸಿದೆ. ಶನಿವಾರ ಸಂಜೆ ಎರಡು ತಾಸು ಬೇರೆ ಬೇರೆ ವಿಡಿಯೋ ಹಚ್ಚಿ ಕೂತರೆ ಒಂದು ಸಲವೂ ನಿಲ್ಲುತ್ತಿರಲಿಲ್ಲ. ಭಾನುವಾರ ಚೀಟಿಯ ಹೊತ್ತಿಗೆ ಚಕ್ರ ಹಾಜರು.

ಅಕ್ಕ ದಿಂಬಿಗೆ ಒರಗಿ ಅದನ್ನೇ ನೋಡುತ್ತಿದ್ದಳು. ಚಿತ್ರ ನಿಂತಾಗ ಒಂದೂ ಮಾತಾಡುತ್ತಿರಲಿಲ್ಲ. ಒಮ್ಮೆ ಮಾತ್ರ, "ತಮ್ಮಾ, ಮಂದಿದು ಎಷ್ಟ ಚೀಟಿ ಬರದೀನಿ ನಾ. ನಂದು ಒಂದು ಕೇಳಬೇಕಂದ್ರ ಇಷ್ಟ ಕಷ್ಟೇನೋ?" ಎಂದಳು. ನಾನು, ತಡಿ, ಸಿಗ್ತದ ಎಂದೆ. ನನ್ನ ಕಣ್ಣು ಗಡಿಯಾರದ ಮೇಲಿತ್ತು.

ಆ ವಾರಗಳಲ್ಲಿ ಸೊಸೆ ಎರಡು ಸಲ ನನ್ನ ಬಳಿ ಬಂದು "ಮಾಮಾ, ಒಂದು ಮಾತ ಹೇಳಬೇಕಿತ್ರಿ" ಎಂದದ್ದು ನೆನಪಿದೆ. ಒಮ್ಮೆ ನಾನು ಮೀಟರ್ ಹಿಡಿದು ಪ್ಲಗ್ಗಿನ ವೋಲ್ಟೇಜ್ ನೋಡುತ್ತಿದ್ದೆ, ಇನ್ನೊಮ್ಮೆ ಡೈರಿ ಬರೆಯುತ್ತಿದ್ದೆ. ಎರಡೂ ಸಲ ಕೈ ಎತ್ತಿ, ಜರಾ ತಡಿ ಎಂದೆ. ಎರಡೂ ಸಲ ಅವಳು ಚಹಾ ಇಟ್ಟು ಹೋದಳು.

ಆಮೇಲೆ ಆ ಕಡೆಯ ತುದಿ. ದೋಷ ಔರಾದದ ಫೋನಿನಲ್ಲೇ ಇರಬಹುದಲ್ಲ? ಅದನ್ನು ತಿಳಿಯಲು ಒಂದು ಭಾನುವಾರ ಭಾಲ್ಕಿಗೆ ಹೋಗದೆ ನೌಬಾದದ ಮನೆಯಲ್ಲೇ ನನ್ನ ಫೋನಿನಲ್ಲಿ ಅದೇ ಆರಾಧನೆಯನ್ನು ಹಚ್ಚಿ ಕೂತೆ. ಪಕ್ಕದಲ್ಲಿ ಗಡಿಯಾರ, ಡೈರಿ. ಇಲ್ಲಿ ಒಂದು ಸೆಕೆಂಡೂ ನಿಲ್ಲಲಿಲ್ಲ. ಚೀಟಿ ತೆಗೆದರು, ಓದಿದರು, ಪ್ರಾರ್ಥಿಸಿದರು, ಪ್ರಸಂಗ ಶುರುವಾಯಿತು. "ಹತ್ತೂ ನಲವತ್ತರಿಂದ ಹತ್ತೂ ನಲವತ್ತಾರು, ಚಿತ್ರ ಅಖಂಡ" ಎಂದು ಬರೆದು ಕೆಳಗೆ ಗೆರೆ ಎಳೆದೆ. ಅದೇ ಹೊತ್ತಿಗೆ ಭಾಲ್ಕಿಯಲ್ಲಿ ಚಕ್ರ ತಿರುಗಿತ್ತು. ಔರಾದದ ತುದಿ ನಿರ್ದೋಷಿ ಎಂದು ತೀರ್ಮಾನವಾಯಿತು. ನನಗೆ ಸಂತೋಷವೇ ಆಯಿತು.

ಅದರ ಮುಂದಿನ ವಾರ ಭಾಲ್ಕಿಯಲ್ಲಿ ಚಿತ್ರ ಮರಳಿದ ಮೇಲೆ ರೌಟರಿನ ಒಳಗಿನ ಪುಟ ತೆರೆದು ನೋಡಿದೆ. ಅದು ಎಷ್ಟು ಹೊತ್ತಿನಿಂದ ಚಾಲೂ ಇದೆ ಎಂದು ಅಲ್ಲಿ ತೋರಿಸುತ್ತದೆ. ಶನಿವಾರದಿಂದ ಇರಬೇಕಾದದ್ದು ಹನ್ನೆರಡು ನಿಮಿಷ ಎಂದಿತ್ತು. ಅಂದರೆ ಚೀಟಿಯ ಹೊತ್ತಿಗೆ ರೌಟರೇ ಸತ್ತು ಹುಟ್ಟುತ್ತಿದೆ. ಮನೆಯಲ್ಲಿ ಕರೆಂಟು ಹೋಗಿರಲಿಲ್ಲ, ಫ್ಯಾನು ತಿರುಗುತ್ತಲೇ ಇತ್ತು. ಅಡಾಪ್ಟರ್ ಕೆಟ್ಟಿದೆ ಎಂದು ಹೊಸದು ಹಾಕಿದೆ. ಮರುವಾರ ಮತ್ತೆ ಚಕ್ರ.

ಎಂಟನೇ ವಾರ ನಾನು ಮಾಡಿದ್ದು ಮೊದಲನೇ ವಾರವೇ ಮಾಡಬೇಕಾಗಿದ್ದ ಕೆಲಸ. ಪರದೆಯನ್ನು ನೋಡುವುದು ಬಿಟ್ಟು, ರೌಟರನ್ನು ನೋಡುತ್ತ ಕೂತೆ. ಪಡಸಾಲೆಯ ಮೂಲೆಯಲ್ಲಿ, ಬಾಗಿಲ ಪರದೆಯ ಹಿಂದೆ, ಜೋಳದ ಚೀಲದ ಮೇಲೆ. ಒಳಗೆ ಎರಡನೇ ಕೀರ್ತನೆ ನಡೆದಿತ್ತು. ಅಕ್ಕನ ದನಿಯೂ ಅದರೊಂದಿಗೆ ಎಳೆಯುತ್ತಿತ್ತು. ಕೀರ್ತನೆ ಮುಗಿಯುವ ಹೊತ್ತಿಗೆ ಸೊಸೆ ಅಡುಗೆ ಮನೆಯಿಂದ ಬಂದಳು. ಸೆರಗಿಗೆ ಕೈ ಒರೆಸಿಕೊಂಡಳು. ಒಳಗಿನ ಕೋಣೆಯ ಕಡೆ ಒಮ್ಮೆ ನೋಡಿದಳು. ಸ್ವಿಚ್ ಒತ್ತಿ ರೌಟರನ್ನು ಬಂದ್ ಮಾಡಿದಳು.

ಮೂವತ್ತು ಎಣಿಸುವವಳಂತೆ ಅಲ್ಲೇ ನಿಂತಳು. ನಾನು ಚೀಲದ ಮೇಲಿಂದ ಎದ್ದೆ. ಅವಳು ಬೆಚ್ಚಿ ಗೋಡೆಗೆ ಒರಗಿದಳು.

"ಏನ್ ಮಾಡ್ದಿ?" ಎಂದೆ. ದನಿ ಏರಿತ್ತು. ನಾನು ಮೊದಲೇ ಮುಂಗೋಪಿ. ಎಂಟು ವಾರದ ಬಸ್ಸು, ಮೀಟರು, ಅಡಾಪ್ಟರು ಎಲ್ಲ ತಲೆಗೇರಿದವು.

"ಮೆಲ್ಲಗ ಮಾತಾಡ್ರಿ ಮಾಮಾ. ಅತ್ತಿಯೋರಿಗಿ ಕೇಳಸ್ತದ."

"ಎಂಟ ವಾರ ನೀನೇ ಬಂದ್ ಮಾಡೀ? ಯಾಕ?"

ಅವಳು ಸ್ವಿಚ್ಚಿನ ಮೇಲಿನ ಕೈ ತೆಗೆಯಲಿಲ್ಲ. "ಮೊದಲನೇ ಐತವಾರ ಪೂರಾ ಬಂದಿತ್ರಿ. ಅತ್ತಿ ಮಲಗಿದ್ರು. ನಾ ಮುಂದ ನಿಂತು ಕೇಳೀನಿ. ಐದು ಹೆಸರ ಓದಿದ್ರು. ಅತ್ತಿ ಹೆಸರ ಇರಲಿಲ್ರಿ. ಎದ್ದ ಕೂಡ್ಲೇ ಕೇಳಿದ್ರು, ನನ್ನ ಹೆಸರ ಕರದ್ರೇನು ಅಂತ. ನನ್ನ ಬಾಯಿಂದ ಹೂಂ ಅಂತ ಬಂದುಬಿಡ್ತು. ಎಷ್ಟ ಖುಷಿ ಆದ್ರು ಅಂತೀರಿ. ಆವತ್ತ ಎರಡ ರೊಟ್ಟಿ ಉಂಡ್ರು. ಈಗ ಹ್ಯಾಂಗ್ರಿ ಇಲ್ಲ ಅನ್ಲಿ?"

"ನಿನ್ನ ಗಂಡಗರೆ ಹೇಳಬೇಕಿತ್ತು" ಎಂದೆ.

"ಇವರಿಗಿ ಹೇಳೀನ್ರಿ. ಅವರು ಐತವಾರ ಡ್ಯೂಟಿ ಮ್ಯಾಲ. ಚೀಟಿ ಅಲ್ಲೇ ಹೋಗಿ ಬರದು ಹಾಕಬೇಕಂತಲ್ರಿ, ಫೋನ್ ನಡಿಯಂಗಿಲ್ಲಂತ. ಅತ್ತೀನ ಬಿಟ್ಟು ನಾ ಹ್ಯಾಂಗ ಹೋಗ್ಲಿ? ನಿಮಗ ಹೇಳಬೇಕಂತ ಎರಡ ಸಲ ಬಂದೀನ್ರಿ. ನೀವು ಜರಾ ತಡಿ ಅಂದ್ರಿ."

ಅವಳು ಆರೋಪಿಸುವ ದನಿಯಲ್ಲಿ ಹೇಳಲಿಲ್ಲ. ನಡೆದದ್ದನ್ನು ನಡೆದಂತೆ ಹೇಳಿದಳು. ನನ್ನ ಕೋಪ ಎಲ್ಲಿ ಹೋಯಿತೋ ತಿಳಿಯದು. ಅದರ ಜಾಗದಲ್ಲಿ ನಾಚಿಕೆ ಬಂದು ಕೂತಿತು. ಯಾಕೆಂದರೆ ನನಗೆ ಆಗ ನೆನಪಾದದ್ದು ನೌಬಾದದ ಆ ಭಾನುವಾರ. ಚೀಟಿ ಓದಿದ ಆರು ನಿಮಿಷವನ್ನು ನಾನು ಕಣ್ಣು ಮಿಟುಕಿಸದೆ ನೋಡಿದ್ದೆ. ಸೆಕೆಂಡುಗಳನ್ನು ಬರೆದುಕೊಂಡಿದ್ದೆ. ಅದರಲ್ಲಿ ಓದಿದ ಒಂದು ಹೆಸರೂ ನನ್ನ ಕಿವಿಗೆ ಬಿದ್ದಿರಲಿಲ್ಲ. ನನ್ನ ಒಡಹುಟ್ಟಿದವಳ ಹೆಸರು ಅಲ್ಲಿ ಇಲ್ಲವೆಂಬುದು ಗೊತ್ತಾಗಲಿಲ್ಲ. ಚಿತ್ರ ಅಖಂಡ ಎಂದು ಗೆರೆ ಎಳೆದಿದ್ದೆ.

ಚೀಟಿ ಬರೆಯಲು ಕೈಕಾಲು ನೆಟ್ಟಗಿರುವ, ಭಾನುವಾರ ಬಿಡುವಿರುವ ಮನುಷ್ಯ ಇಡೀ ಮನೆತನದಲ್ಲಿ ನಾನೊಬ್ಬನೇ ಇದ್ದೆ. ಬೀದರದಿಂದ ಭಾಲ್ಕಿಗೆ ಹೋದಷ್ಟೇ ಸಲೀಸಾಗಿ ಔರಾದಕ್ಕೂ ಬಸ್ಸಿದೆ. ಹೆಸರು ಓದಿಸಬೇಕೆಂದರೆ ಯಾರಾದರೂ ಬರೆಯಬೇಕು ಎಂಬುದು ನನಗೆ ಹೊಳೆದೇ ಇರಲಿಲ್ಲ. ಆ ದಿನ ಡೈರಿಯಲ್ಲಿ, ದೋಷದ ಸ್ಥಳ ಎಂಬ ಕಾಲಮ್ಮಿನಲ್ಲಿ, ನೌಬಾದ ಎಂದು ಬರೆದೆ.

ಸೊಸೆಗೆ ರೌಟರ್ ಮತ್ತೆ ಚಾಲೂ ಮಾಡಲು ಹೇಳಿ ಒಳಗೆ ಹೋದೆ. ಪರದೆಯ ಮೇಲೆ ಚಕ್ರ ಇನ್ನೂ ತಿರುಗುತ್ತಿತ್ತು.

"ಸಿಕ್ತೇನೋ?" ಅಂದಳು ಅಕ್ಕ.

"ಸಿಕ್ಕದ. ಔರಾದ ಕಡಿ ಒಂದು ಕೆಲಸ ಉಳದದ. ಮುಂದಿನ ಐತವಾರ ನಾನೇ ಹೋಗಿ ಬರ್ತೇನಿ."

ಅಕ್ಕ ಪರದೆಯಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದಳು. "ಗಂಟಿ ಹೊಡಿಯೋಕ ಮುಂಚೆ ಹೋಗು" ಎಂದಳು. ಅದರಲ್ಲಿ ಬೇರೆ ಅರ್ಥವಿರಬಹುದೆಂದು ನಾನು ಯೋಚಿಸಲಿಲ್ಲ.

ಔರಾದದಲ್ಲಿ ಬಸ್ಸಿಳಿದು ಚರ್ಚಿಗೆ ಹೋದಾಗ ಇನ್ನೂ ಒಂಬತ್ತೂವರೆ. ಬಾಗಿಲು ನೋಡಿಕೊಳ್ಳುವ ಹಿರಿಯರೊಬ್ಬರು ಮೆಟ್ಟಿಲು ಗುಡಿಸುತ್ತಿದ್ದರು. ಅಕ್ಕನ ತಮ್ಮ ಎಂದು ಹೇಳಿದ್ದೇ ತಡ, ಪೊರಕೆ ಬಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡರು. "ಸಿಸ್ಟರ್ ಹ್ಯಾಂಗದಾರ್ರಿ? ಕೈ ಬಂತೇನ್ರಿ? ಮಂದಿ ವಾರ ವಾರ ಕೇಳ್ತಾರ್ರಿ ಅವರನ್ನ." ಆಗಲೇ ಬಂದಿದ್ದ ಇನ್ನಿಬ್ಬರು ಹೆಂಗಸರೂ ಸೇರಿಕೊಂಡರು. ಒಬ್ಬಾಕೆ ಅಕ್ಕನ ಕೈಯಲ್ಲೇ ತನ್ನ ಮೂರೂ ಮಕ್ಕಳು ಹುಟ್ಟಿದ್ದೆಂದಳು. ಅಕ್ಕನನ್ನು ಮರೆತವರು ಅಲ್ಲಿ ಯಾರೂ ಇರಲಿಲ್ಲ.

ಚೀಟಿ ಬರೆಯಬೇಕು ಎಂದೆ. ಹಿರಿಯರು ಕಿಟಕಿಯಲ್ಲಿದ್ದ ಕಾಗದದ ಕಟ್ಟು ಕೊಟ್ಟರು. ಕಟ್ಟಿನ ಮೇಲೆ ದೂಳಿತ್ತು. ಯಾರ ಹೆಸರು ಬರೆಯುತ್ತೀರಿ ಎಂದು ಕೇಳಿದರು. ಹೇಳಿದೆ.

ಅವರು ಬಾಯಿ ಮೇಲೆ ಕೈ ಇಟ್ಟುಕೊಂಡರು. "ಸಿಸ್ಟರ್ ಹೆಸರಾ? ಬರ್ದೇ ಇಲ್ಲೇನ್ರಿ ನಾವು?" ಹೆಂಗಸರ ಮುಖ ನೋಡಿದರು. ಅವರೂ ಒಬ್ಬರನ್ನೊಬ್ಬರು ನೋಡಿಕೊಂಡರು. "ಚೀಟಿ ಬರ್ಯಾದು ಅಂದ್ರ ಅವರ ಕೆಲಸಂತ ಬಿಟ್ಟಿದ್ವಿರಿ. ಅವರು ಹೋದ ಮ್ಯಾಲ ಪೆಟ್ಟಿಗಿ ಕಡಿ ಯಾರೂ ಹೋಗವಲ್ರು. ನಾಕೋ ಐದೋ ಬಂದ್ರ ಬಂದ್ವು. ಪಾದ್ರಿಗೋಳು ಹೊಸಬ್ರು, ಇದ್ದದ್ದು ಓದ್ತಾರ. ಅವರಿಗೇ ಒಂದು ಚೀಟಿ ಬರೀಬೇಕಂತ ಹೊಳೀಲೇ ಇಲ್ಲ ನೋಡ್ರಿ."

ನನಗೂ ಹೊಳೆದಿರಲಿಲ್ಲವಾದ್ದರಿಂದ ಅವರ ಮೇಲೆ ಸಿಟ್ಟಾಗುವ ಹಕ್ಕು ನನಗಿರಲಿಲ್ಲ. ಹೆಸರು, ಊರು ಬರೆದೆ. ತೊಂದರೆ ಎಂಬಲ್ಲಿ ಬಲಗೈ, ಬಲಗಾಲು ಎಂದು ಬರೆದೆ. ಪೆಟ್ಟಿಗೆಯಲ್ಲಿ ಹಾಕಿ ಹಿಂದಿನ ಬೆಂಚಿನಲ್ಲಿ ಕೂತೆ. ಪಕ್ಕದಲ್ಲೇ ಒಂದು ಸ್ಟ್ಯಾಂಡಿಗೆ ಫೋನ್ ಸಿಕ್ಕಿಸಿ ನೇರಪ್ರಸಾರ ಹಚ್ಚಿದ್ದರು. ಅದರ ಮೂಲೆಯಲ್ಲಿ ಎಷ್ಟು ಜನ ನೋಡುತ್ತಿದ್ದಾರೆ ಎಂಬ ಅಂಕಿ ಕಾಣುತ್ತಿತ್ತು. ಅದರಲ್ಲಿ ಒಂದು ಭಾಲ್ಕಿಯದು ಎಂದುಕೊಂಡೆ. ಸ್ವಿಚ್ ಮುಟ್ಟಬೇಡ ಎಂದು ಬೆಳಿಗ್ಗೆಯೇ ಸೊಸೆಗೆ ಫೋನ್ ಮಾಡಿ ಹೇಳಿದ್ದೆ.

ಎರಡನೇ ಕೀರ್ತನೆ ಮುಗಿಯಿತು. ಪಾದ್ರಿಗಳು ಪೆಟ್ಟಿಗೆ ತೆರೆದರು. ನಾಲ್ಕನೆಯದು ಅಕ್ಕನ ಹೆಸರು. ಅವರು ಅದನ್ನು ಓದಿದಾಗ ಬೆಂಚುಗಳಲ್ಲಿ ಒಂದು ಸಣ್ಣ ಗುಜುಗುಜು ಎದ್ದು ಅಡಗಿತು. ಈ ಸಲ ನಾನು ಗಡಿಯಾರ ನೋಡಲಿಲ್ಲ.

ಅಲ್ಲಿಂದ ನೇರವಾಗಿ ಭಾಲ್ಕಿಯ ಬಸ್ ಹಿಡಿದೆ. ಮನೆ ಮುಟ್ಟಿದಾಗ ಮಧ್ಯಾಹ್ನ. ಸೊಸೆ ಮಾಳಿಗೆಯ ಮೇಲೆ ತೊಗರಿ ಒಣಹಾಕಲು ಹೋಗಿದ್ದಳು. ಅಕ್ಕ ದಿಂಬಿಗೆ ಒರಗಿ ಕೂತಿದ್ದಳು, ಕಣ್ಣು ಕೆಂಪಾಗಿದ್ದವು, ಮುಖ ತಿಳಿಯಾಗಿತ್ತು.

"ಕೇಳ್ದಿ?" ಎಂದೆ.

"ಪೂರಾ ಕೇಳ್ದೆ. ಛಲೋ ಅನಸ್ತು." ಎಡಗೈಯಿಂದ ಹಾಸಿಗೆ ತಟ್ಟಿ ಪಕ್ಕದಲ್ಲಿ ಕೂರಿಸಿಕೊಂಡಳು. ಮೇಲೆ ಸೊಸೆಯ ಹೆಜ್ಜೆ ಸಪ್ಪಳ ಕೇಳುತ್ತಿತ್ತು. ಅದನ್ನು ಒಂದು ಕ್ಷಣ ಆಲಿಸಿ ಅಕ್ಕ ದನಿ ತಗ್ಗಿಸಿದಳು. "ಬಂದ್ ಮಾಡಾಕಿ ಆಕೀನೇ ಅಂತ ನನಗ ಗೊತ್ತಿತ್ತು."

"ಹ್ಯಾಂಗ?" ಎಂದೆ.

"ಟಕ್ ಅಂತ ಸ್ವಿಚ್ ಸಪ್ಪಳ ಬರ್ತದ. ಹಿಂದೇ ಚಕ್ರ ಬರ್ತದ. ಮೂರ ವಾರ ಕೇಳೀನಿ, ತಿಳೀತು. ಹೆಸರ ಓದತಿದ್ರ ಆಕಿ ಯಾಕ ಬಂದ್ ಮಾಡ್ತಾಳ? ಓದ್ಯಾರಂತ ಹೇಳಿದ್ದೂ ಸುಳ್ಳಂತ ಅವತ್ತೇ ಗೊತ್ತಾತು."

ಮೀಟರಿಲ್ಲದೆ, ಡೈರಿಯಿಲ್ಲದೆ, ಹಾಸಿಗೆಯಿಂದ ಏಳದೆ ಅವಳು ಮೂರು ವಾರದಲ್ಲಿ ಹಿಡಿದದ್ದನ್ನು ನಾನು ಎಂಟು ವಾರ ಹುಡುಕಿದ್ದೆ. "ಮತ್ತ ಸುಮ್ಮ ಯಾಕಿದ್ದಿ? ನನಗರೆ ಹೇಳಬಾರದೇನು?" ಎಂದೆ.

"ಏನಂತ ಹೇಳಲಿ? ನೀ ಹೋಗಿ ಆಕಿ ಮ್ಯಾಲ ಒದರಾಡ್ತಿದ್ದಿ. ನನ್ನ ಎತ್ತಿ ಕುಂದರಸಾಕಿ ಆಕಿ. ತೊಳ್ಯಾಕಿ ಆಕಿ. ನನ್ನ ಸಲುವಾಗಿ ಸುಳ್ಳ ಹೇಳ್ಯಾಳ, ನಾ ಹಿಡದೀನಿ ಅಂತ ಗೊತ್ತಾದ್ರ ಆಕಿ ನನ್ನ ಮುಖ ಹ್ಯಾಂಗ ನೋಡಬೇಕು?" ಎಡಗೈಯಿಂದ ದಿಂಬು ಸರಿಸಿಕೊಂಡು, "ಹೆಸರ ಓದಿಲ್ಲಂತ ಗೊತ್ತಾದಾಗ ಭಾಳ ಕೆಟ್ಟ ಅನಿಸ್ತು ತಮ್ಮಾ. ಅದು ಸುಳ್ಳಲ್ಲ. ಆದ್ರ ಆಕಿ ನನಗಿಂತ ಹೆಚ್ಚ ಬಳಲ್ಯಾಳ" ಎಂದಳು.

ಆಮೇಲೆ ಹಳೆಯ ನರ್ಸಿನ ದನಿಯಲ್ಲಿ, ಔಷಧದ ಚೀಟಿ ಬರೆಸುವವಳಂತೆ ಹೇಳಿದಳು: "ಮುಂದಿನ ಐತವಾರ ಮತ್ತ ಹೋಗು. ನನ್ನ ಹೆಸರ ಬ್ಯಾಡ. ಆಕಿ ಹೆಸರ ಬರಿ."

"ಆಕಿಗೇನಾಗ್ಯಾದ? ಗಟ್ಟಿಮುಟ್ಟ ಅದಾಳ."

"ಒಂದ ಸುಳ್ಳ ಹೊತ್ಕೊಂಡು ಎಂಟ ವಾರ ತಿರಗ್ಯಾಳ. ಐತವಾರ ಬಂತಂದ್ರ ರೊಟ್ಟಿ ಬಡ್ಯಾಗ ಆಕಿ ಕೈ ತಪ್ಪತದ, ಸಪ್ಪಳದಾಗ ಗೊತ್ತಾಗ್ತದ. ಬ್ಯಾನಿ ಯಾವುದು ಅಂತ ನನಗ ಹೇ‍ಳಬ್ಯಾಡ."

"ತೊಂದರಿ ಏನಂತ ಬರೀಲಿ?"

ಅಕ್ಕ ಯೋಚಿಸಿದಳು. "ದಣಿವು ಅಂತ ಬರಿ" ಎಂದಳು.

ಮರುವಾರ ಔರಾದದ ಕಿಟಕಿಯಲ್ಲಿ ಕಾಗದದ ಕಟ್ಟು ಅರ್ಧ ಖಾಲಿಯಾಗಿತ್ತು. ಪೆಟ್ಟಿಗೆಯ ಮುಂದೆ ಐದಾರು ಜನ ಸಾಲಾಗಿ ನಿಂತಿದ್ದರು. ನಾನೂ ನಿಂತು ಸೊಸೆಯ ಹೆಸರು, ಭಾಲ್ಕಿ, ದಣಿವು ಎಂದು ಬರೆದು ಹಾಕಿದೆ. ಆ ದಿನ ಪಾದ್ರಿಗಳಿಗೆ ಚೀಟಿ ಓದಿ ಮುಗಿಸಲು ಹೊತ್ತು ಹಿಡಿಯಿತು. ಅಕ್ಕನ ಹೆಸರು ಮೂರು ಸಲ ಬಂತು, ಮೂರು ಬೇರೆ ಬೇರೆ ಕೈಬರಹದಲ್ಲಿ ಇದ್ದಿರಬೇಕು. ಕಡೆಗೆ ಸೊಸೆಯದು ಬಂತು. ಆಕೆ ಯಾರೆಂದು ಅಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಎಲ್ಲರ ಜೊತೆ ಆಕೆಗಾಗಿಯೂ ಪ್ರಾರ್ಥಿಸಿದರು.

ಆರಾಧನೆ ಮುಗಿದು ಅಂಗಳಕ್ಕೆ ಬರುವಷ್ಟರಲ್ಲಿ ಫೋನ್ ಬಂತು. ಸೊಸೆ.

"ಮಾಮಾ" ಎಂದಳು. "ನನ್ನ ಚೀಟಿ ಯಾರು ಬರ್ಸಿದ್ರಿ?"

"ಲೈನ್ ಸರಿ ಇಲ್ಲವ್ವಾ, ಏನೂ ಕೇಳವಲ್ದು" ಎಂದೆ.

ಲೈನ್ ಸ್ವಚ್ಛವಾಗಿತ್ತು. ಅವಳು ಅಳುತ್ತಿದ್ದುದು, ಅವಳ ಹಿಂದೆ ಅಕ್ಕ ಆ ಪರದೆಗೆ "ಸಾಕ್ರಿ ಬಾಯಿ, ಇನ್ನ ಬಂದ್ ಮಾಡ್ರಿ" ಎನ್ನುತ್ತಿದ್ದುದು, ಎರಡೂ ನನಗೆ ಸ್ಪಷ್ಟವಾಗಿ ಕೇಳುತ್ತಿದ್ದವು.